ಒಣಗಿಸಿದ ಪೊರೆ

ನವೆಂಬರ್ ೧೨, ಭಾನುವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಕಾಲಿನ ಬಾವು ಸ್ವಲ್ಪ ಇಳಿದಿದೆಯೆಂದು ಅಮ್ಮ ಹೇಳಿದಳು. ಈ ವಾರ ನಿನ್ನ ಫೋನ್ ತೆಗೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಬಾಯಲ್ಲಿ ಹೇಳಹೊರಟರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ನಿನ್ನ ಆಸ್ಪತ್ರೆಗೆ ಮಂಗಳವಾರ ಬರಬೇಕಿದ್ದ ಪೊರೆಗಳು ಬರಲಿಲ್ಲವಲ್ಲ, ವ್ಯಾನು ಕೆಟ್ಟಿತೆಂದು ನಿನಗೆ ಹೇಳಿದ್ದಾರಂತೆ. ವ್ಯಾನು ಚೆನ್ನಾಗಿಯೇ ಇತ್ತು. ತಡೆದವಳು ನಾನು.

ನಿನಗೆ ಕಸಿ ಮಾಡಬೇಕೆಂದಿರುವ ಅಮ್ಮನ ಕಿಡ್ನಿಯನ್ನು ನಿನ್ನ ರಕ್ತ ಈಗಲೇ ಶತ್ರುವೆಂದುಕೊಂಡಿದೆ. ರಕ್ತದಲ್ಲಿರುವ ಆ ಹಗೆಯ ಕಣಗಳನ್ನು ಹಿಡಿದಿಟ್ಟುಕೊಂಡು ಉಳಿದದ್ದನ್ನು ಬಿಟ್ಟುಕೊಡುವುದೇ ನಮ್ಮ ಪೊರೆಯ ಕೆಲಸ. ನೋಡಲು ಬಿಳಿ ಪ್ಲಾಸ್ಟಿಕ್ ಹಾಳೆ. ಅದರ ಕಾಣದಷ್ಟು ಸಣ್ಣ ರಂಧ್ರಗಳ ಗೋಡೆಗೆ ಒಂದು ಪ್ರೋಟೀನನ್ನು ಅಂಟಿಸಿರುತ್ತೇವೆ. ಹಿಡಿಯುವ ಕೈ ಅದೇ. ಆ ಹಾಳೆ ಬಳಸುವ ತನಕ ಒದ್ದೆಯಾಗಿಯೇ ಇರಬೇಕು, ಒಣಗಿದರೆ ಆ ಕೈ ಕೆಡಬಹುದು.

ಕಾರ್ಖಾನೆಯ ನಮ್ಮ ವಿಭಾಗಕ್ಕೆ ಹೊಸದಾಗಿ ಒಬ್ಬರು ಬಂದಿದ್ದಾರೆ, ಅವರನ್ನು ಎಲ್ಲರೂ ನೀರಣ್ಣ ಎನ್ನುತ್ತಾರೆ. ಕುಡಿಯುವ ನೀರಿನ ಫಿಲ್ಟರ್ ವಿಭಾಗದಲ್ಲೇ ಕೂದಲು ನರೆತವರು. ಅಲ್ಲಿ ಹಾಳೆಯನ್ನು ಒಣಗಿಸದೆ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಸೋಮವಾರ ನಮ್ಮ ತಟ್ಟೆಗಳಲ್ಲಿ ನೀರು ಕಂಡು, ಒಂದೊಂದನ್ನೇ ಎತ್ತಿ ಫ್ಯಾನಿನ ಕೆಳಗೆ ಹರವಿದ್ದಾರೆ.

"ನೋಡಿ ಮೇಡಂ, ಒಂದು ಸುಕ್ಕಿಲ್ಲ. ನಿಮ್ಮೋರು ಬಟ್ಟೆ ನೆನೆಹಾಕಿದ ಹಾಗೆ ನೆನೆಹಾಕಿ ಮನೆಗೆ ಹೋಗಿದ್ರು" ಎಂದರು.

ಮತ್ತೆ ನೀರಿಗೆ ಹಾಕಿದೆವು. ಕಣ್ಣಿಗೆ ಮೊದಲಿನಂತೆಯೇ ಇದ್ದವು. ಕೆಲವನ್ನು ತೆಗೆದು ಪರೀಕ್ಷಿಸಿದೆ. ಹೆಚ್ಚಿನವು ಚೆನ್ನಾಗಿ ಹಿಡಿದವು, ಕೆಲವು ಏನನ್ನೂ ಹಿಡಿಯಲಿಲ್ಲ, ಒಂದರಿಂದ ಪ್ರೋಟೀನೇ ಕಳಚಿ ಹೊರಬಂತು. ಅದು ಮೈಯೊಳಗೆ ಸೇರಿದರೆ ಏನಾಗುತ್ತದೆಂದು ನಿನಗೆ ಬರೆಯಲಾರೆ. ಪರೀಕ್ಷಿಸಿದ ಹಾಳೆಯನ್ನು ಮತ್ತೆ ಬಳಸುವಂತಿಲ್ಲ. ಉಳಿದವುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತಿಳಿಯಲು ದಾರಿಯಿಲ್ಲ.

ಮ್ಯಾನೇಜರ್ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಹೊರಗೆ ವ್ಯಾನಿನ ಎಂಜಿನ್ ಓಡುತ್ತಲೇ ಇತ್ತು.

"ಸರಾಸರಿ ನೋಡಿದ್ರೆ ಪಾಸಾಗತ್ತಲ್ಲ?"

"ಆಗತ್ತೆ ಸಾರ್. ಆದ್ರೆ ಅವಳ ರಕ್ತ ಹೋಗೋದು ಸರಾಸರೀಲಲ್ಲ, ಒಂದು ಹಾಳೇಲಿ."

"ಕಾಯ್ತಿರೋದು ನಿಮ್ಮ ಸ್ವಂತ ತಂಗಿ ಕಣಮ್ಮ."

"ಗೊತ್ತು ಸಾರ್."

ಅವರೇ ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟರು. ತಪಾಸಣೆಯ ವರದಿಯಲ್ಲಿ 'ತಿರಸ್ಕೃತ' ಎಂದು ಬರೆದೆ. ವ್ಯಾನು ಖಾಲಿ ಹೋಯಿತು.

ಹೊಸ ಹಾಳೆಗಳಿಗೆ ಇನ್ನೂ ಒಂದೂವರೆ ತಿಂಗಳು ಬೇಕು. ಅಲ್ಲಿಯವರೆಗೆ ನಿನ್ನ ಮೈ ತಡೆಯುತ್ತದೆಯೇ ಎಂದು ಡಾಕ್ಟರನ್ನು ಕೇಳಿದೆ. "ನೋಡೋಣ" ಎಂದರಷ್ಟೆ. ಡಯಾಲಿಸಿಸ್ ಒಂದು ಸಲವೂ ತಪ್ಪಿಸಬೇಡ. ನೀರು ಅಳೆದು ಕುಡಿ. ನೀರಣ್ಣ ಈಗ ತಟ್ಟೆಗಳ ಹತ್ತಿರ ಯಾರನ್ನೂ ಸುಳಿಯಗೊಡುತ್ತಿಲ್ಲ. ನಿನ್ನೆ ನನ್ನನ್ನೇ "ಏನ್ ಬೇಕಿತ್ತು?" ಎಂದು ತಡೆದು ನಿಲ್ಲಿಸಿದರು.

ಬೇಗ ಎದ್ದು ಓಡಾಡುವಂತಾಗು. ಮಗಳ ಜಡೆಯನ್ನು ನೀನೇ ಹೆಣೆಯುವಂತಾಗು. ಹಿರಿಯಳಾಗಿ ನಾನು ಹರಸುವುದು ಇಷ್ಟೇ.

ನಿನ್ನ
ಅಕ್ಕ

ಮತ್ತೆ: ಬುಧವಾರ ನಿನ್ನ ಯಜಮಾನರು, ಆಸ್ಪತ್ರೆಯಲ್ಲಿ ನಿಜ ತಿಳಿದುಕೊಂಡು, ಫೋನ್ ಮಾಡಿದ್ದರು. ದನಿ ಏರಿಸಲಿಲ್ಲ. "ಅಕ್ಕಾ, ನಿಮ್ಮ ಮಗನೇ ಆ ಮಂಚದ ಮೇಲೆ ಮಲಗಿದ್ರೆ ವ್ಯಾನ್ ಖಾಲಿ ಕಳಿಸ್ತಿದ್ರಾ?" ಎಂದು ಕೇಳಿದರು. ಕಳಿಸ್ತಿದ್ದೆ ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಅವರ ಮೇಲೆ ಸಿಟ್ಟಾಗಬೇಡ. ಅಂದಿನಿಂದ ಮಗ ಊಟಕ್ಕೆ ಎದುರು ಕೂತಾಗಲೆಲ್ಲ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತಿದ್ದೇನೆ. ಪ್ರತಿಸಲವೂ ಅದೇ ಉತ್ತರ ಬರುತ್ತಿಲ್ಲ, ಗುಬ್ಬಿ.