ಕೊಟ್ಟಿಗೇಲಿ ಸಿಕ್ಕಿದ ಸಿರಿಂಜ್

ಲೋ ನಂಜುಂಡ,

ಅವ್ವನ ಮೂಗಿನ ಪೈಪಿಗೆ ಗಂಜಿ ಬುಡೋ ದೊಡ್ಡ ಸಿರಿಂಜ್‌ಗೆ ಬೆಳಿಗ್ಗೆ ಮನೆಯೆಲ್ಲಾ ತಡಕಾಡಿದೆ. ಸಿಕ್ಕಿದ್ದು ಕೊಟ್ಟಿಗೇಲಿ, ಸಗಣಿ ಮೆತ್ಕೊಂಡು! ಅದ್ರಲ್ಲಿ ಕರುಗೆ ಔಷಧಿ ಕುಡಿಸಿದ್ದೀಯಲ್ಲ, ನಿಂಗೇನು ಬುದ್ಧಿಗಿದ್ಧಿ ಐತಾ? ನಾನು ಹನಗೋಡಿನ ಔಷಧಿ ಅಂಗಡಿಗೆ ಓಡಿ ಹೊಸದು ತರೋವರೆಗೂ ಅವ್ವ ಹಸ್ಕೊಂಡು ಬಾಗಿಲನ್ನೇ ನೋಡ್ತಿತ್ತು.

ನಾಟಿಗೆ ಹೊಂಟೆ. ಮಧ್ಯಾಹ್ನದ ಗಂಜಿ ನಿಂದು. ಹೊಸ ಸಿರಿಂಜ್ ತೊಳೆದು, ಮುಚ್ಚಳದ ಡಬ್ಬೀಲಿ ಹಾಕಿ ಅವ್ವನ ತಲೆದೆಸೆ ಸ್ಟೂಲ್ ಮೇಲೆ ಇಟ್ಟಿದ್ದೀನಿ. ಕೈಗೆ ಸೋಪು ಹಾಕ್ದೆ ಮುಟ್ಟಿದ್ರೆ ನೋಡು! ಅವ್ವನ್ನ ದಿಂಬಿಗೆ ಒರಗಿಸಿ ಕೂರಿಸಿ, ನಿಧಾನಕ್ಕೆ ಬುಡು. ಆಮೇಲೆ ಕಾಯಿಸಿ ಆರಿಸಿದ ನೀರಲ್ಲಿ ತೊಳೆದು ಅಲ್ಲೇ ಇಡು.

ಕರುಗೆ ಔಷಧಿ ಹುಯ್ಯೋ ಬಿದಿರಿನ ಗೊಟ್ಟ ಸೂರಲ್ಲೇ ಐತೆ. ಅದಿಲ್ದಿದ್ರೂ ಕರುಗೆ ಬಾಯೈತೆ ಕಣೋ. ಅವ್ವಂಗೆ ಈಗ ಆ ಸಿರಿಂಜೇ ಬಾಯಿ.

ಅಕ್ಕ