ತಾತ್ಕಾಲಿಕ ಉಪಾಧ್ಯಕ್ಷೆ

ಕ್ಲೇ ಹಾಲೋ, ಪೆನ್ಸಿಲ್ವೇನಿಯಾ
ಸೋಮವಾರ, ೧೪ ಆಗಸ್ಟ್ ೨೦೦೦

ಮುದ್ದಿನ ಥಿಯಾ,

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ, ನಡುನಡುವೆ ಎದ್ದು ಓಡಾಡು. ನಾನು ಚೆನ್ನಾಗಿದ್ದೇನೆ. ನಿನ್ನಪ್ಪನೂ ಗಟ್ಟಿಯಾಗಿದ್ದಾರೆ, ಬೀಗದ ಅಂಗಡಿಗೇ ಬೀಗ ಹಾಕಿ ಬೇಸಿಗೆಯೆಲ್ಲ ಸಹಿ ಸಂಗ್ರಹಿಸುತ್ತ ತಿರುಗಿ ಬಿಸಿಲಿಗೆ ಕುತ್ತಿಗೆ ಸುಟ್ಟುಕೊಂಡಿದ್ದಾರೆ, ಅಷ್ಟೇ. ಈ ವರ್ಷ ಟೊಮೇಟೊ ಹೇರಳವಾಗಿ ಬಂದಿದೆ, ಆದರೆ ಬಾಟಲಿಗೆ ತುಂಬಿಡಲು ಮನಸ್ಸೇ ಬರುತ್ತಿಲ್ಲ. ಯಾಕೆಂದು ಹೇಳುತ್ತೇನೆ, ಸಿಟ್ಟಾಗದೆ ಕೊನೆತನಕ ಓದು.

ಅಧ್ಯಕ್ಷರ ಚುನಾವಣೆ ಬಂತೆಂದರೆ ನಿನ್ನಪ್ಪ ಹೇಗಾಡುತ್ತಾರೆಂದು ನಿನಗೆ ಗೊತ್ತೇ ಇದೆ. ಎರಡು ದೊಡ್ಡ ಪಕ್ಷಗಳ ಹೆಸರು ಮತಪತ್ರದಲ್ಲಿ ತಾನಾಗಿಯೇ ಬಂದು ಕೂರುತ್ತದೆ. ಸರ್ಕಾರವೂ ತೆರಿಗೆಯೂ ಆದಷ್ಟು ಕಮ್ಮಿಯಿರಲಿ ಎನ್ನುವ ನಮ್ಮ ಪುಟ್ಟ ಲಿಬರ್ಟೇರಿಯನ್ ಪಕ್ಷದವರು ಮಾತ್ರ ಸಾವಿರಾರು ಸಹಿ ಹೊತ್ತು ತರಬೇಕು. ದನದ ಹರಾಜಿನ ಗೇಟಿನಲ್ಲಿ ಪಕ್ಕದ ಮನೆಯ ಗಸ್ ಎಂದಿನಂತೆ ಕಿಚಾಯಿಸಿದ: "ಏನಪ್ಪಾ ಓರಿನ್, ನಿಮ್ಮೋರು ಈ ಸಲನಾದ್ರೂ ನೂರಕ್ಕೊಂದು ವೋಟು ತಗೋತಾರಾ?" ನಿನ್ನಪ್ಪ ಪೆನ್ನು ಮುಂದೆ ಹಿಡಿದು, "ಗೆಲ್ಲೋ ಕುದುರೆ ಬೇಕಿದ್ರೆ ರೇಸಿಗೆ ಹೋಗು. ಇಲ್ಲಿ ಸಹಿ ಹಾಕು" ಎಂದರು. ಗಸ್ ಹಾಕಿದ. ಪ್ರತಿ ಸಲವೂ ಹಾಕುತ್ತಾನೆ, ಆಮೇಲೆ ಬೇರೆಯವರಿಗೆ ವೋಟು ಕೊಡುತ್ತಾನೆ.

ಸಹಿಯ ಹಾಳೆಗಳು ಅಚ್ಚಾದದ್ದು ಮಾರ್ಚ್‌ನಲ್ಲಿ. ಪಕ್ಷ ತನ್ನ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸಿದ್ದು ಜುಲೈನಲ್ಲಿ. ಅಲ್ಲಿಯತನಕ ಆ ಜಾಗ ಖಾಲಿ ಬಿಡುವಂತಿಲ್ಲ. ನಂಬಿಕಸ್ಥರೊಬ್ಬರ ಹೆಸರು ಬರೆಯುತ್ತಾರೆ, ಆಮೇಲೆ ಅವರು ಹಿಂದೆ ಸರಿಯುತ್ತಾರೆ. ಹೋದ ಸಲ ನನ್ನ ಹೆಸರಿತ್ತು, ನಾಲ್ಕು ತಿಂಗಳು ಉಪಾಧ್ಯಕ್ಷೆಯ ಗತ್ತಿನಲ್ಲೇ ಪಾತ್ರೆ ತೊಳೆದಿದ್ದೆ. ಈ ಸಲ ನಿನ್ನಪ್ಪ, "ಥಿಯಾ ಹೆಸರು ಹಾಕೋಣ ಕಣೇ. ಮಾತಿಗೆ ತಪ್ಪೋ ಹುಡುಗಿ ಅಲ್ಲ ಅವಳು. ಫೋನ್ ಮಾಡಿ ಒಂದು ಮಾತು ಕೇಳ್ಬಿಡು" ಎಂದರು. ನಾನು ಕೇಳಲಿಲ್ಲ. ನೀನು ಒಪ್ಪಿದೆಯೆಂದು ಸುಳ್ಳು ಹೇಳಿದೆ.

ಕೇಳಿದ್ದರೆ ನೀನು ಆಗದು ಎನ್ನುತ್ತಿದ್ದೆ, ಯಾಕೆ ಆಗದೆಂದು ಅವರು ನನ್ನ ಜೀವ ತಿನ್ನುತ್ತಿದ್ದರು. ನೀನು ಕೇಂದ್ರ ಸರ್ಕಾರದ ತೆರಿಗೆ ಇಲಾಖೆ ಸೇರಿ ಎರಡು ವರ್ಷವಾಯಿತು. ಅವರ ಪಾಲಿಗೆ ನೀನಿನ್ನೂ ಫಿಲಡೆಲ್ಫಿಯಾದ ಮಂಚ-ಮೇಜಿನ ಅಂಗಡಿಯಲ್ಲೇ ಇದ್ದೀಯ. "ತೆರಿಗೆ ಆಫೀಸಿನ ಮೆಟ್ಟಿಲು ಹತ್ತೋ ಮುಂಚೆ ನನ್ನ ಕಾಲು ಬಿದ್ದೋಗ್ಲಿ" ಎನ್ನುವ ಮನುಷ್ಯನಿಗೆ ಹೇಗೆ ಹೇಳಲಿ? ಹೇಗೂ ತೆಗೆದುಹಾಕುವ ಹೆಸರು, ಇಂದಲ್ಲ ನಾಳೆ ಹೇಳಿದರಾಯಿತು ಎಂದುಕೊಂಡೆ. ಮೊನ್ನೆ ಶನಿವಾರ ಲೈಬ್ರರಿಯ ಮಾಡ್ಜ್ ಹತ್ತಿರ ಸುಮ್ಮನೆ ಮಾತಿಗೆ ಕೇಳಿದೆ. ಕೇಂದ್ರ ಸರ್ಕಾರದ ನೌಕರರು ಪಕ್ಷದ ಅಭ್ಯರ್ಥಿಯಾಗುವಂತೆಯೇ ಇಲ್ಲ, ಕೆಲಸಕ್ಕೇ ಸಂಚಕಾರ ಎಂದಳು. ಎರಡು ಸಲ ನಿನಗೆ ಫೋನ್ ಮಾಡಹೋಗಿ ಅರ್ಧಕ್ಕೇ ಇಟ್ಟುಬಿಟ್ಟೆ.

ಇದರ ಜೊತೆ ಹೆಸರು ಹಿಂತೆಗೆದುಕೊಳ್ಳುವ ಅರ್ಜಿಯಿದೆ. ನೋಟರಿಯ ಮುಂದೆ ಸಹಿ ಹಾಕಬೇಕು, ಶುಕ್ರವಾರದೊಳಗೆ ಅದು ರಾಜ್ಯದ ಚುನಾವಣಾ ಕಚೇರಿಗೆ ಮುಟ್ಟಬೇಕು. ಇಲ್ಲವಾದರೆ ರಾಜ್ಯದ ಪ್ರತಿ ಮತಪತ್ರದಲ್ಲೂ ನಿನ್ನ ಹೆಸರು ಅಚ್ಚಾಗುತ್ತದೆ. ತಪ್ಪು ಪೂರ್ತಿ ನನ್ನದು ಮಗಳೇ. ಅಪ್ಪನನ್ನು ಬಯ್ಯಬೇಡ, ಅವರಿಗೆ ಏನೂ ಗೊತ್ತಿಲ್ಲ. ಜಗಳ ತಪ್ಪಿಸಲು ಹೋಗಿ ನಿನ್ನ ಅನ್ನಕ್ಕೇ ಕೈ ಹಾಕಿದೆ, ನಾಚಿಕೆಯಾಗುತ್ತಿದೆ.

ನಿನಗೆ ಒಳ್ಳೆಯದಾಗಲಿ, ದೇವರು ನಿನ್ನ ಬೆನ್ನಿಗಿರಲಿ. ನಿನ್ನ ಕುಂಟು ಬೆಕ್ಕಿಗೂ ನನ್ನ ನೆನಪು ಹೇಳು.

ನಿನ್ನ ಅಮ್ಮ,
ವರ್ನಾ

ವಿ.ಸೂ.: ಮಂಗಳವಾರ ಬೆಳಿಗ್ಗೆ, ಅವಸರದಲ್ಲಿ. ಸ್ಟಾಂಪು ಹಚ್ಚುತ್ತಿದ್ದಾಗ ನಿನ್ನಪ್ಪ ಬಂದು, "ಅಂಚೆನೂ ಸರ್ಕಾರದ್ದೇ ಕಣೇ, ನಂಬೋಕಾಗಲ್ಲ. ನಾನೇ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ. ಅವಳ ಅಂಗಡಿ ವಿಳಾಸ ಕೊಡು" ಎಂದರು. ಇನ್ನು ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದ್ದು ಒಂದೇ ಮಾತು: "ನನ್ನಿಂದ ಅವಳ ಕೆಲಸ ಹೋಗುತ್ತಾ?" ಈಗ ನಿನ್ನ ಆಫೀಸಿನ ವಿಳಾಸ ಜೇಬಿಗಿಟ್ಟು ಹೊರಗೆ ಗಾಡಿ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾರೆ. ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನಿದನ್ನು ಓದುತ್ತಿದ್ದೀಯ ಎಂದರೆ ಅವರು ಆ ಮೆಟ್ಟಿಲು ಹತ್ತಿ ಬಂದಿದ್ದಾರೆ. ಸಹಿ ಆಮೇಲಾಗಲಿ, ಮೊದಲು ಅವರಿಗೊಂದು ಕುರ್ಚಿ ಕೊಡು.