ಆರನೆಯವಳ ಜಾಗ

ಕಾರಾಗೃಹದ ಅಧೀಕ್ಷಕರಿಗೆ ನಮಸ್ಕಾರ.

ಐವರು ಹೆಂಗಸರನ್ನು ಕೊಂದ ಆ ಟ್ಯಾಕ್ಸಿ ಚಾಲಕನ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿದಿದೆಯೆಂದು ನಿನ್ನೆ ಪತ್ರಿಕೆಯಲ್ಲಿ ಓದಿದೆ. ದಯಾ ಅರ್ಜಿಯ ತೀರ್ಮಾನ ತಡವಾಯಿತೆಂಬುದು ಕಾರಣವಂತೆ. ತಡವೆಂದರೇನು ಎಂಬುದನ್ನು ನಮ್ಮ ಮನೆಗೆ ಬಂದು ಕೇಳಬಹುದಿತ್ತು. ಅವನು ಕೊಂದದ್ದು ಆರು ಮಂದಿಯನ್ನು. ಆರನೆಯವಳು ನನ್ನ ತಂಗಿ. ಹೊಲಿದ ಬಟ್ಟೆ ಕೊಟ್ಟುಬರಲು ಅವನ ಕಾರು ಹತ್ತಿದವಳು ಮರಳಲಿಲ್ಲ. ದೇಹ ಸಿಗಲಿಲ್ಲವಾದ್ದರಿಂದ ಅಷ್ಟುದ್ದದ ತೀರ್ಪಿನಲ್ಲಿ ಅವಳ ಮಾತೇ ಇಲ್ಲ. ಕುಣಿಕೆ ಇನ್ನಷ್ಟು ಬಿಗಿಯಾದೀತೆಂದು ಅವನೂ ಬಾಯಿ ಬಿಡಲಿಲ್ಲ.

ಅವನನ್ನು ನೇಣಿಗೇರಿಸಿ ಎಂದು ವರ್ಷಗಟ್ಟಲೆ ಪತ್ರಿಕೆಗಳಿಗೆ ಬರೆದವನು ನಾನು. ನಿನ್ನೆ ಮನೆಯಲ್ಲೇ ಕೂಗಾಡಿದೆ. ಬಟಾಣಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತದೆಯೇ ಹೇಳಿದಳು:

"ಸಾಕು ಕಿರುಚಿದ್ದು. ಅವಳೆಲ್ಲಿದಾಳೆ ಅಂತ ಗೊತ್ತಿರೋನು ಅವನೊಬ್ಬನೇ ಕಣೋ. ಅವನೂ ಹೋಗ್ಬಿಟ್ರೆ ಯಾರನ್ನ ಕೇಳ್ತೀಯಾ, ನಿನ್ನ ಪೇಪರ್‌ನವರನ್ನಾ?"

ತಂಗಿಯ ಹೊಲಿಗೆ ಯಂತ್ರಕ್ಕೆ ಅಮ್ಮ ಇಂದಿಗೂ ಎಣ್ಣೆ ಬಿಡುತ್ತಾಳೆ, ಯಾರಿಗೂ ಮುಟ್ಟಗೊಡುವುದಿಲ್ಲ.

ದಯವಿಟ್ಟು ಅವನನ್ನು ಒಮ್ಮೆ ಕೇಳಿ. ಗದರಬೇಡಿ. ಯಾಕೆ, ಹೇಗೆ ಎಂದು ಕೆದಕುವುದೂ ಬೇಡ, ಜಾಗ ಹೇಳಿದರೆ ಸಾಕು. ನಮ್ಮ ಕಡೆಯಿಂದ ಹೊಸ ದೂರು ಬರುವುದಿಲ್ಲವೆಂದು ತಿಳಿಸಿ. ಅಮ್ಮನಿಗೆ ಮಗಳ ಹತ್ತಿರ ಸ್ವಲ್ಪ ಹೊತ್ತು ಕೂತುಬರಬೇಕಾಗಿದೆ.

ಅವನಿಗೆ ಹೃದಯದ ಕಾಯಿಲೆಯಿದೆಯೆಂದೂ ಪತ್ರಿಕೆಯಲ್ಲಿತ್ತು. ಗುಳಿಗೆಗಳನ್ನು ಹೊತ್ತಿಗೆ ಸರಿಯಾಗಿ ನುಂಗುವಂತೆ ನೋಡಿಕೊಳ್ಳಿ. ಅಲ್ಲಿ ಸಿಗದಿದ್ದರೆ ಒಂದು ಸಾಲು ಬರೆಯಿರಿ, ನಾನೇ ತಂದುಕೊಡುತ್ತೇನೆ.

ಇತಿ,
ಹೊಲಿಗೆಯವಳ ಅಣ್ಣ